ಸೋಪೂ ಇರಲಿ, ಸೀಕ್ವೆನ್ಸಿಂಗೂ ಬರಲಿ

ದಾವಣಗೆರೆಯ ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್ ಒಬ್ಬರ ಪತ್ರ: "ಆಸ್ಪತ್ರೆಯೊಳಗೆ ಸೋಂಕು ಹರಡಿದರೆ ವೈರಸ್ಸಿನ ಜೀನೋಮ್ ಓದಿಸಬೇಕು ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ನಮ್ಮ ವಾರ್ಡಿನ ನಲ್ಲಿಯಲ್ಲಿ ನೀರೇ ಬರುತ್ತಿರಲಿಲ್ಲ. ಮೊದಲು ನೀರು, ಸೋಪು, ಸಾಕಷ್ಟು ನರ್ಸುಗಳನ್ನು ಕೊಡಿ. ಈ ಶೋಕಿ ಆಮೇಲೆ."

ನಲ್ಲಿಯ ಮಾತು ಒಪ್ಪಿದೆ ಮೇಡಂ. ನಿಮ್ಮ ಪರವಾಗಿ ಇನ್ನೊಂದು ಸಾಕ್ಷಿಯನ್ನು ನಾನೇ ಕೊಡುತ್ತೇನೆ. ಕೋವಿಡ್ ಕಾಲದಲ್ಲಿ ಬ್ರಿಟನ್ನಿನ 14 ಆಸ್ಪತ್ರೆಗಳಲ್ಲಿ ಈ ಸೀಕ್ವೆನ್ಸಿಂಗ್, ಅಂದರೆ ವೈರಸ್ಸಿನ ಜೀನೋಮನ್ನು (ಅದರ ಪೂರ್ತಿ ವಂಶವಾಹಿ ಬರಹವನ್ನು) ಅಕ್ಷರ ಅಕ್ಷರವಾಗಿ ಓದುವುದನ್ನು, ಮಾಡಿ ನೋಡಿದರು. ಒಳಗಿನ ಸೋಂಕು ಇಳಿದದ್ದು ಲೆಕ್ಕದಲ್ಲಿ ಕಾಣಲಿಲ್ಲ. ಆದರೆ 48 ಗಂಟೆಯೊಳಗೆ ಬರಬೇಕಿದ್ದ ವರದಿಗಳು ಬಹುಪಾಲು ತಡವಾಗಿ ಬಂದವು. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರೆ ಏನು ಬಂತು?

ಈಗ ಡರ್ಬನ್ ಕಥೆ ಕೇಳಿ. ದಕ್ಷಿಣ ಆಫ್ರಿಕಾದ ಸೇಂಟ್ ಆಗಸ್ಟಿನ್ಸ್ ಆಸ್ಪತ್ರೆ, 2020ರ ಮಾರ್ಚ್. ಕೆಲವೇ ವಾರಗಳಲ್ಲಿ 39 ರೋಗಿಗಳಿಗೆ, 80 ಸಿಬ್ಬಂದಿಗೆ ಕೋವಿಡ್. 15 ರೋಗಿಗಳು ತೀರಿಕೊಂಡರು. ಹೊರಗಿನವರು ಯಾರೋ ತಂದರು ಅಂತ ಕೈತೊಳೆದುಕೊಳ್ಳಬಹುದಿತ್ತು. ಸಂಶೋಧಕರಾದ ಟುಲಿಯೊ ಡಿ ಒಲಿವೆರಾ, ರಿಚರ್ಡ್ ಲೆಸೆಲ್ಸ್ ಅವರ ತಂಡ ಜೀನೋಮ್ ಓದಿದಾಗ ಎಲ್ಲವೂ ಹೆಚ್ಚುಕಡಿಮೆ ಒಂದೇ. ವೈರಸ್ ಬಹುಶಃ ಒಂದೇ ಸಲ ಒಳಗೆ ಬಂದು ಊರಿಕೊಂಡಿತ್ತು. ಯೂರೋಪಿನಿಂದ ಬಂದಿದ್ದ ಒಬ್ಬರು ಮಾರ್ಚ್ 9ರಂದು ಎಮರ್ಜೆನ್ಸಿಗೆ ಹೋಗಿದ್ದರು. ಅದೇ ದಿನ ಅಲ್ಲಿ ಸ್ಟ್ರೋಕ್ ಆದ ರೋಗಿಯೂ ಇದ್ದರು. ಅವರಿಗೆ ಅಲ್ಲೇ ಅಂಟಿರಬಹುದು. ಮುಂದೆ ಸೋಂಕು ವಾರ್ಡಿನಿಂದ ವಾರ್ಡಿಗೆ, ಡಯಾಲಿಸಿಸ್ ಘಟಕಕ್ಕೆ, ವೃದ್ಧರ ಆರೈಕೆ ಮನೆಗೂ ಹೋಯಿತು. ರೋಗಿಗಳನ್ನು ಪದೇ ಪದೇ ವಾರ್ಡ್ ಬದಲಿಸಿದ್ದು, ಸಿಬ್ಬಂದಿಯ ಕೈ, ಎಲ್ಲರೂ ಬಳಸುವ ಸಾಮಾನು: ವರದಿ ಬೊಟ್ಟು ಮಾಡಿದ್ದು ಇವುಗಳ ಕಡೆಗೆ. ನಿಮ್ಮ ಸೋಪಿಗೆ ಇದಕ್ಕಿಂತ ಒಳ್ಳೆಯ ವಕೀಲ ಬೇಕಾ?

ಇಂಗ್ಲೆಂಡಿನ ಕೇಂಬ್ರಿಜ್‌ನ ಅಡೆನ್‌ಬ್ರೂಕ್ಸ್ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ಬರುತ್ತಿದ್ದ ಕೆಲವರ ವೈರಸ್ ಒಂದೇ ಎಂದು ಗೊತ್ತಾದ ಮೇಲೆ, ಅವರು ಒಟ್ಟಿಗೆ ಬರುತ್ತಿದ್ದ ಗಾಡಿಯ ಕಡೆಗೆ ಕಣ್ಣು ಹೋಯಿತು. ವಾರ್ಡಿನಲ್ಲಿ ಎಷ್ಟು ಸೋಪಿದ್ದರೂ ಆ ಗಾಡಿ ಕಾಣುತ್ತಿತ್ತಾ?

ಕೊರೊನಾ ವೈರಸ್ಸಿನ ಸುಮಾರು 30,000 ಅಕ್ಷರಗಳಲ್ಲಿ ತಿಂಗಳಿಗೆ ಬದಲಾಗುವುದು ಎರಡೋ ಏನೋ. ಹಾಗಾಗಿ ಯಾರಿಂದ ಯಾರಿಗೆ ಅಂತ ಅದು ಯಾವಾಗಲೂ ಹೇಳದು. ಆದರೆ ಇಬ್ಬರ ವೈರಸ್ ತೀರಾ ಬೇರೆಯಾಗಿದ್ದರೆ, ಇವರಿಂದ ಅವರಿಗೆ ಬಂದದ್ದಲ್ಲ ಅಂತ ಧೈರ್ಯವಾಗಿ ಹೇಳಬಹುದು. ನನಗೆ ಬೇಕಾದದ್ದೇ ಅದು. ನಮ್ಮ ನೆಂಟರೊಬ್ಬರಿದ್ದ ವಾರ್ಡಿನಲ್ಲಿ ಒಬ್ಬೊಬ್ಬರಾಗಿ ಜ್ವರ ಬಿದ್ದಾಗ, ಸುಮ್ನೆ ಅನುಮಾನದ ಮೇಲೆ ಆಯಾ ಒಬ್ಬಳನ್ನು ಕೆಲಸದಿಂದ ತೆಗೆದರು. ಯಾವ ಪರೀಕ್ಷೆಯೂ ಇಲ್ಲ. ರೌಂಡ್ಸ್‌ಗೆ ಬರುವ ದೊಡ್ಡ ಡಾಕ್ಟರನ್ನು ಯಾರೂ ಅನುಮಾನಿಸಲಿಲ್ಲ. ಇಷ್ಟು ವರ್ಷ ವಾರ್ಡಿನಲ್ಲಿದ್ದ ನೀವು ಇದನ್ನು ಮರೆತಿರಲ್ಲಾ ಅಂತ ಸ್ವಲ್ಪ ಬೇಜಾರು.

ನಮ್ಮವರಿಗೆ ವಿದ್ಯೆಯ ಕೊರತೆಯೇನಿಲ್ಲ. 2018ರಲ್ಲಿ ಕೋಯಿಕ್ಕೋಡಿನ ನಿಪಾ ವೈರಸ್ ಮೊದಲು ಪತ್ತೆಯಾದದ್ದು ನಮ್ಮ ಮಣಿಪಾಲದ ಲ್ಯಾಬಿನಲ್ಲಿ. ಆಗಲೂ ಸೋಂಕು ಹೆಚ್ಚಾಗಿ ಹರಡಿದ್ದು ಆಸ್ಪತ್ರೆಗಳ ಒಳಗೇ. ಕೊರತೆ ಇರುವುದು ಬಾಯಿ ಬಿಡುವ ಮನಸ್ಸಿನದು. ಗ್ಲೌಸ್, ಹತ್ತಿ, ಸಿರಿಂಜು ಎಲ್ಲ ಬಿಲ್ಲಿನಲ್ಲಿ ಬರುತ್ತೆ. ಒಳಗೆ ಬಂದ ಮೇಲೆ ಎಷ್ಟು ಜನಕ್ಕೆ ಹೊಸ ರೋಗ ಅಂಟಿತು ಅನ್ನುವುದನ್ನು ಯಾವ ಬೋರ್ಡಿನಲ್ಲೂ ನಾನು ಕಂಡಿಲ್ಲ. ಡರ್ಬನ್‌ನವರ ವರದಿಯನ್ನಾದರೆ ಮನೆಯಲ್ಲೇ ಕೂತು ಓದಬಹುದು. ನಿಮ್ಮ ಸರ್ವಿಸಿನಲ್ಲಿ ಅಂಥ ಲೆಕ್ಕ ಇಟ್ಟ ವಾರ್ಡ್ ಇದ್ದರೆ ಬರೆದು ಕಳಿಸಿ. ಎರಡು ಪುಟ ಬಿಟ್ಟುಕೊಡುತ್ತೇನೆ.

— ಸಂ.