ಪ್ರತಿಕ್ರಿಯೆ: ಹಳೇ ಸರ್ವರ್‌ನ ವಿಂಡೋಸ್ ವಿಎಂನಲ್ಲಿ (ವರ್ಚುವಲ್ ಮೆಷಿನ್) ಗೇಮ್ ತಡವರಿಸುತ್ತಿದೆ
ಕಾರಣ ಬಹುಶಃ ನ್ಯೂಮಾ, ಅಂದರೆ ಪ್ರತಿ ಪ್ರೊಸೆಸರ್‌ಗೂ ತನ್ನದೇ ಮೆಮೊರಿ ಇರುವ ವ್ಯವಸ್ಥೆ; ಪ್ರೊಸೆಸರ್ ಮತ್ತು ಅದರ ಮೆಮೊರಿ ಸೇರಿ ಒಂದು 'ನೋಡ್'. ನಿಮ್ಮದು ಎರಡು ಜಿಯಾನ್ ಇ5-2670 ಪ್ರೊಸೆಸರ್ ಇರುವ, ಪ್ರಾಕ್ಸ್‌ಮಾಕ್ಸ್ (ವಿಎಂಗಳನ್ನು ಓಡಿಸುವ ಸಾಫ್ಟ್‌ವೇರ್) ಹಾಕಿದ ಸರ್ವರ್ ಅಲ್ವಾ? ಗ್ರಾಫಿಕ್ಸ್ ಕಾರ್ಡ್ ಒಂದು ಸಾಕೆಟ್‌ಗೆ (ಒಂದು ಪ್ರೊಸೆಸರ್‌ಗೆ) ಸೇರಿರುತ್ತದೆ, ವಿಎಂನ ಕೋರ್‌ಗಳು ಎರಡರಲ್ಲೂ ಅಲೆದಾಡುತ್ತವೆ, ಡೇಟಾ ಅತ್ತಿಂದಿತ್ತ ದಾಟುವಾಗ ತಡವಾಗುತ್ತದೆ. ನನಗೂ ಹೀಗೇ ಆಗಿತ್ತು. ಎಫ್‌ಪಿಎಸ್ (ಸೆಕೆಂಡಿಗೆ ಫ್ರೇಮ್) 60 ತೋರಿಸುತ್ತಿತ್ತು, ಆಡಿದರೆ ಎತ್ತಿನಗಾಡಿ.

ಮೊದಲು ಸರ್ವರ್‌ನಲ್ಲಿ ಎಲ್‌ಎಸ್‌ಟೋಪೋ (lstopo) ಕಮಾಂಡ್ ಓಡಿಸಿ, ಕಾರ್ಡ್ ಯಾವ ನೋಡ್‌ನಲ್ಲಿದೆ ನೋಡಿ. ಆಮೇಲೆ ವಿಎಂನ ಪ್ರೊಸೆಸರ್ ಸೆಟ್ಟಿಂಗ್‌ನಲ್ಲಿ ಅಫಿನಿಟಿಗೆ (ವಿಎಂ ಯಾವ ಕೋರ್‌ಗಳಲ್ಲಿ ಓಡಬೇಕು ಎಂಬುದು) ಆ ನೋಡ್‌ನ ಕೋರ್‌ಗಳನ್ನಷ್ಟೇ ಕೊಡಿ. ನಂಬರ್‌ಗಳನ್ನು ಊಹಿಸಬೇಡಿ, ಎಲ್‌ಎಸ್‌ಸಿಪಿಯು (lscpu) ಕಮಾಂಡ್ ನೋಡಿಯೇ ಬರೆಯಿರಿ. ಆ ನೋಡ್‌ನ 8 ಕೋರ್‌ನಲ್ಲಿ 6 ಸಾಕು, ಉಳಿದದ್ದು ಹೋಸ್ಟ್‌ಗೆ, ಅಂದರೆ ಸರ್ವರ್‌ಗೇ ಇರಲಿ. ಸಿಪಿಯು ಟೈಪ್ 'ಹೋಸ್ಟ್' ಮಾಡಿ. ಕಾನ್ಫಿಗ್ ಫೈಲ್‌ನಲ್ಲಿ ಮೆಮೊರಿಯನ್ನೂ ಅದೇ ನೋಡ್‌ಗೆ ಬೈಂಡ್ ಮಾಡಿ.

ವಿಎಂ ಪೂರ್ತಿ ಆಫ್ ಮಾಡಿ ಆನ್ ಮಾಡಿ. ಒಳಗಿಂದ ಸುಮ್ನೆ ರೀಸ್ಟಾರ್ಟ್ ಮಾಡಿದರೆ ಬದಲಾವಣೆ ಹಿಡಿಯುವುದಿಲ್ಲ. ಆಮೇಲೂ ತಡವರಿಸಿದರೆ ಬಯಾಸ್‌ನಲ್ಲಿ ಪವರ್ ಪ್ರೊಫೈಲ್ 'ಪರ್ಫಾರ್ಮೆನ್ಸ್' ಮಾಡಿ ನೋಡಿ.