ಕ್ಯಾಲಿಫೋರ್ನಿಯಾದಲ್ಲಿ ಸಿಸಿಟಿವಿ ಅಳವಡಿಕೆಗೆ ಸಿ-7 ಪರವಾನಗಿ
ಸ್ಯಾನ್ ಹೋಸೆಯ ಅಂಗಡಿಗಳಿಗೆ ಸಿಸಿಟಿವಿ ಅಳವಡಿಸಿಕೊಡಲು ಪರವಾನಗಿ ಬೇಕೇ ಎಂದು ಕೇಳಿದ್ದೀರಿ. 12 ವೋಲ್ಟ್ ಅಡಾಪ್ಟರಿನಿಂದ ನಡೆಯುವ ಕ್ಯಾಮೆರಾ ತಾನೇ ಎಂದು ದಯವಿಟ್ಟು ಹಗುರವಾಗಿ ಭಾವಿಸಬೇಡಿ. ಕ್ಯಾಲಿಫೋರ್ನಿಯಾದಲ್ಲಿ 91 ವೋಲ್ಟ್ ಮೀರದ ದೂರವಾಣಿ, ಧ್ವನಿ ಹಾಗೂ ಕ್ಯಾಮೆರಾ ವ್ಯವಸ್ಥೆಗಳ ಕೆಲಸ ಸಿ-7 ಎಂಬ ಗುತ್ತಿಗೆದಾರರ ಪರವಾನಗಿ ವರ್ಗಕ್ಕೆ ಸೇರುತ್ತದೆ; ಆ ಪರವಾನಗಿ ಪಡೆಯಲು ಹಿಂದಿನ 10 ವರ್ಷಗಳೊಳಗೆ ಕನಿಷ್ಠ 4 ವರ್ಷ ನುರಿತ ಕೆಲಸಗಾರರಾಗಿ ದುಡಿದ ಅನುಭವವನ್ನು ತೋರಿಸಿ, ಕಾನೂನು-ವ್ಯವಹಾರದ ಮತ್ತು ವೃತ್ತಿಯ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, 25,000 ಡಾಲರ್ ಮೊತ್ತದ ಬಾಂಡ್ (ಖಾತರಿ ಪತ್ರ) ಒದಗಿಸಬೇಕು. ಅಗ್ನಿ ಎಚ್ಚರಿಕೆ ವ್ಯವಸ್ಥೆ ಮಾತ್ರ ಇದರಲ್ಲಿ ಸೇರಿಲ್ಲ.

2025ರಿಂದ, ಕೂಲಿ ಮತ್ತು ಸಾಮಗ್ರಿ ಸೇರಿ 1,000 ಡಾಲರ್‌ಗಿಂತ ಕಡಿಮೆಯಿದ್ದು, ಪರ್ಮಿಟ್ (ಆ ಕೆಲಸಕ್ಕೆ ಸ್ಥಳೀಯ ಆಡಳಿತದ ಅನುಮತಿ) ಅಗತ್ಯವಿಲ್ಲದ, ಸಹಾಯಕರನ್ನು ನೇಮಿಸಿಕೊಳ್ಳದ ಕೆಲಸಕ್ಕೆ ವಿನಾಯಿತಿಯಿದೆ. ಆದರೆ ನಾಲ್ಕು ಕ್ಯಾಮೆರಾಗಳ ಒಂದೇ ಕೆಲಸವನ್ನು ಎರಡು ಬಿಲ್ಲುಗಳಾಗಿ ಒಡೆದರೆ ಅದು ಅನ್ವಯಿಸದು. ಪರವಾನಗಿಯಿಲ್ಲದೆ ದುಡಿದವರು ಬಾಕಿ ಹಣಕ್ಕಾಗಿ ದಾವೆ ಹೂಡುವಂತಿಲ್ಲ, ಪಡೆದ ಹಣವನ್ನೂ ಹಿಂದಿರುಗಿಸಬೇಕಾಗಬಹುದು.