ಚಾಲಿಯ ಸಾಲಿನಿಂದಲೇ ಶುರು ಮಾಡಿ

ಬದಿಯಡ್ಕದಿಂದ ಬರೆದ ಗೆಳೆಯರಿಗೆ ನಮಸ್ಕಾರ.

ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಎರರ್ ಮೆಸೇಜ್‌ಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಹಾಗೆಂದು ಬಿಟ್ಟುಬಿಡಲೂ ಮನಸ್ಸಿಲ್ಲ. ನಾಲ್ಕನೇ ಪುಟದಲ್ಲಿ ಒಳ್ಳೆಯ ಬರಹವೊಂದು ಕೂತಿದೆ.

ಮೊದಲ ಮೂರು ಪುಟ ಬರೀ ಇತಿಹಾಸ. ಭಾಷೆಯ ಮೊದಲ ವರದಿ 1990ರಲ್ಲಿ ಬಂತು, ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿಯ ಹೆಸರು ಇಟ್ಟರು. ಇಷ್ಟು ಒಂದೇ ವಾಕ್ಯದಲ್ಲಿ ಮುಗಿಯುತ್ತದೆ, ಅಲ್ವಾ? ಆಮೇಲೆ ಬರುವ ‘ಸೋಮಾರಿ ವಿದ್ಯಾರ್ಥಿ’ಯ ಹೋಲಿಕೆಯನ್ನೂ ತೆಗೆದುಹಾಕಿ. ಹ್ಯಾಸ್ಕೆಲ್ ಲೇಜಿ ಭಾಷೆ ನಿಜ, ಆದರೆ ಲೇಜಿ ಅಂದರೆ ಇಲ್ಲಿ ಕೆಲಸ ತಪ್ಪಿಸುವುದಲ್ಲ. ಯಾರಾದರೂ ಉತ್ತರ ಕೇಳುವ ತನಕ ಲೆಕ್ಕ ಮಾಡದೆ ಇಟ್ಟಿರುವುದು.

ಇನ್ನು ನಾಲ್ಕನೇ ಪುಟ. ತಂದೆಯವರ ಅಡಿಕೆ ಅಂಗಡಿಗೆ ನೀವೇ ಲೆಕ್ಕದ ಪ್ರೋಗ್ರಾಂ ಬರೆದಿರಿ. ಒಂದು ಸಾಲಿನಲ್ಲಿ ತೂಕ ಖಾಲಿ ಇತ್ತು. ಬೆಳಿಗ್ಗೆ ಫೈಲ್ ಓದುವಾಗ ಪ್ರೋಗ್ರಾಂ ತಕರಾರು ಮಾಡಲಿಲ್ಲ. ಸಂಜೆ ಒಟ್ಟು ಮೊತ್ತ ಕೇಳಿದಾಗ ನಿಂತುಬಿಟ್ಟಿತು. ಪರದೆಯ ಮೇಲೆ ಕಂಡದ್ದು ಇದು: ‘"\3226\3262\3250\3263" ತೂಕ ಇಲ್ಲ’. ಓದಿ ನಾನು ಎದ್ದು ಕೂತೆ. ಆ ಅಂಕೆಗಳು ‘ಚಾಲಿ’ (ಒಣಗಿಸಿ ಸುಲಿದ ಅಡಿಕೆ) ಎಂಬ ಪದದ ನಾಲ್ಕು ಯೂನಿಕೋಡ್ ಸಂಖ್ಯೆಗಳು, ಅಂದರೆ ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಚಿಹ್ನೆಗೂ ಇರುವ ಸಂಖ್ಯೆಗಳು. ‘ಶೋ’ ಎಂಬ ಫಂಕ್ಷನ್ ಕನ್ನಡದ ಅಕ್ಷರಗಳನ್ನು ಹೀಗೇ ಅಂಕೆಯಾಗಿ ಬರೆಯುತ್ತದೆ. ಅದನ್ನು ಬಿಟ್ಟು ಪದವನ್ನು ನೇರವಾಗಿ ಜೋಡಿಸಿದರೆ ಚಾಲಿ ಚಾಲಿಯಾಗಿಯೇ ಕಾಣುತ್ತದೆ. ನೀವು ಇದನ್ನು ಎರಡು ಸಾಲಿನಲ್ಲಿ ಹೇಳಿ ಓಡಿಬಿಟ್ಟಿದ್ದೀರಿ. ಇಲ್ಲೇ ನಿಲ್ಲಬೇಕಿತ್ತು. ತಂದೆಯವರು ಆ ಅಂಕೆ ನೋಡಿ ಏನು ಕೇಳಿದರು? ಬರೆಯಿರಿ.

ಒಂದು ಕಡೆ ತಪ್ಪಿದ್ದೀರಿ. ‘ಲೇಜಿ ಮೆಸೇಜ್‌ಗೆ ಖರ್ಚೇ ಇಲ್ಲ’ ಎಂದಿದ್ದೀರಿ. ಅರ್ಧ ಮಾತ್ರ ಸರಿ. ತಪ್ಪು ಆಗದಿದ್ದರೆ ಆ ವಾಕ್ಯವನ್ನು ಯಾರೂ ಕಟ್ಟುವುದಿಲ್ಲ. ಪಠ್ಯವನ್ನು ಬಿಡಿಸಿ ಓದಲು ಹಲವು ದಾರಿ ಹಿಡಿದು ನೋಡಿ ಹಿಂದೆ ಬರುವ ಪಾರ್ಸರ್‌ಗಳಿಗೆ ಇದು ದೊಡ್ಡ ಲಾಭ. ಸೋತ ದಾರಿಗಳ ಮೆಸೇಜ್ ಕಟ್ಟುವ ಶ್ರಮವೇ ಉಳಿತಾಯ ಆಗುತ್ತದೆ. ಆದರೆ ಕಟ್ಟದೆ ಬಾಕಿ ಇಟ್ಟ ಮೆಸೇಜ್ ತನಗೆ ಬೇಕಾದ ಮಾಹಿತಿಯನ್ನು ಹಿಡಿದುಕೊಂಡೇ ಇರುತ್ತದೆ. ಅದು ಇಡೀ ಫೈಲಿನ ಪಠ್ಯ ಆಗಿದ್ದರೆ, ಅಂಥ ಮೆಸೇಜ್‌ಗಳನ್ನು ಪಟ್ಟಿಯಲ್ಲಿ ಸೇರಿಸಿಟ್ಟಷ್ಟು ಹೊತ್ತೂ ಆ ಮೆಮೊರಿ ಬಿಡುಗಡೆ ಆಗುವುದಿಲ್ಲ. ಇನ್ನೂ ಒಂದಿದೆ. ಮೆಸೇಜ್ ಕಟ್ಟುವಾಗಲೇ ಬೇರೆ ತಪ್ಪಾದರೆ, ಮೂಲ ತಪ್ಪು ಮರೆಯಾಗಿ ಈ ಹೊಸದೇ ಮುಂದೆ ಬರಬಹುದು. ಮೆಸೇಜ್‌ನೊಳಗೆ ಕೊನೆಯಿಲ್ಲದ ಪಟ್ಟಿ ಸಿಕ್ಕಿದರೆ ಮುದ್ರಣವೇ ಮುಗಿಯದು.

ತಪ್ಪು ಹಿಡಿಯಲೆಂದು ನೀವು ಹಾಕಿದ ‘ಟ್ರೈ’ ಫಂಕ್ಷನ್ ಯಾಕೆ ಆ ಖಾಲಿ ತೂಕದ ತಪ್ಪನ್ನು ಹಿಡಿಯಲಿಲ್ಲ ಅನ್ನುವುದನ್ನು ಲೇಖನ ಹೇಳುವುದೇ ಇಲ್ಲ. ಓದುಗರು ಖಂಡಿತ ಕೇಳುತ್ತಾರೆ. ನೀವು ಅದರೊಳಗೆ ‘ರಿಟರ್ನ್’ ಬಳಸಿದ್ದೀರಿ. ಅದು ಲೆಕ್ಕ ಮಾಡದ ಉತ್ತರವನ್ನು ಹಾಗೆಯೇ ದಾಟಿಸುತ್ತದೆ. ‘ಟ್ರೈ’ ಮುಗಿದು ಎಷ್ಟೋ ಹೊತ್ತಿನ ಮೇಲೆ, ಮೊತ್ತ ಕೂಡಿಸುವಾಗ ತಪ್ಪು ಸಿಡಿಯುತ್ತದೆ. ಅಲ್ಲಿ ಲೆಕ್ಕವನ್ನು ಆಗಲೇ ಮಾಡಿಸುವ ‘ಎವ್ಯಾಲ್ಯುಯೇಟ್’ ಬೇಕು. ಅದೂ ಮೇಲಿನ ಪದರ ಮಾತ್ರ ಬಿಡಿಸುತ್ತದೆ. ತೂಕ ಒಂದು ಸಂಖ್ಯೆ, ಅದಕ್ಕೆ ಅಷ್ಟು ಸಾಕು. ಇಡೀ ಪಟ್ಟಿಗಾದರೆ ಒಳಗಿನ ಎಲ್ಲ ಪದರ ಬಿಡಿಸುವ ‘ಫೋರ್ಸ್’ ಕೂಡ ಸೇರಿಸಬೇಕು.

ಭಾಷೆಯ ಬಗ್ಗೆ ಒಂದೇ ಮಾತು. ಲೇಜಿ ಎಂಬುದಕ್ಕೆ ನೀವು ಬರೆದ ‘ವಿಲಂಬಿತ ಮೌಲ್ಯಮಾಪನ’ ಜಾಸ್ತಿ ಭಾರವಾಯಿತು. ನಮ್ಮ ಕಾಸರಗೋಡಿನ ಕನ್ನಡ ಶಾಲೆಯ ಹತ್ತನೇ ಕ್ಲಾಸಿನ ಹುಡುಗಿಗೆ ಇದು ತಲುಪಬೇಕು. ‘ಬೇಕಾದಾಗ ಲೆಕ್ಕ’ ಅನ್ನಿ. ಮಾಡದೆ ಬಾಕಿ ಇಟ್ಟ ಲೆಕ್ಕಕ್ಕೆ ಇರುವ ಹೆಸರು ಥಂಕ್, ಅದನ್ನು ಥಂಕ್ ಅಂತಲೇ ಬರೆದು ಒಮ್ಮೆ ವಿವರಿಸಿ.

ಒಟ್ಟು ನಾಲ್ಕು ಪುಟ ಸಾಕು. ಸಂಜೆಯ ಅಂಗಡಿಯಿಂದ ಶುರು ಮಾಡಿ ತಿದ್ದಿ ಕಳಿಸಿ. ಆ ಅಂಕೆಗಳ ಸಾಲನ್ನು ಮಾತ್ರ ಮುಟ್ಟಬೇಡಿ, ಅದು ಪರದೆಯಲ್ಲಿ ಬಂದ ಹಾಗೆಯೇ ಅಚ್ಚಾಗಲಿ.